ಮುಟ್ಟಿನ ಸ್ರಾವ ಕಡಿಮೆಯಾದಾಗ: ಬತ್ತಿದ್ದೋ, ಕಟ್ಟಿಕೊಂಡದ್ದೋ?

ಮುಟ್ಟಿನ ಯಾವ ತೊಂದರೆಯಾದರೂ ಅಶೋಕಾರಿಷ್ಟ ಕುಡಿದರೆ ಸರಿಹೋಗುತ್ತದೆ ಎಂಬ ನಂಬಿಕೆ ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ಗಟ್ಟಿಯಾಗಿದೆ. ಚೀಟಿ ಇಲ್ಲದೆ ಮದ್ದಿನಂಗಡಿಯಲ್ಲಿ ಕೇಳಿ ತರುವ ಬಾಟಲಿ ಅದು. ಆದರೆ ಅಶೋಕದ ತೊಗಟೆ ಒಗರು ರುಚಿಯದ್ದು, ತಂಪು ಗುಣದ್ದು. ಅತಿಯಾಗಿ ಹೋಗುವ ರಕ್ತವನ್ನು ಹಿಡಿದು ನಿಲ್ಲಿಸುವುದು ಅದರ ಮುಖ್ಯ ಕೆಲಸ. ಲೋಧ್ರಾಸವ, ಪುಷ್ಯಾನುಗ ಚೂರ್ಣಗಳ ಕೆಲಸವೂ ಹೆಚ್ಚುಕಡಿಮೆ ಅದೇ. ಎರಡೇ ದಿನಕ್ಕೆ ಮುಗಿದುಹೋಗುವ, ಪ್ಯಾಡ್ ಕೂಡ ನೆನೆಯದ ಮುಟ್ಟಿಗೆ ಇವನ್ನು ಕುಡಿಸಿದರೆ ಮದ್ದು ರೋಗದ ಕಡೆಗೇ ನಿಲ್ಲುತ್ತದೆ. ಕಡಿಮೆ ಸ್ರಾವಕ್ಕೆ ಆಯುರ್ವೇದದಲ್ಲಿ ಬೇರೆಯೇ ದಾರಿ ಇದೆ. ಆ ದಾರಿಯಲ್ಲೂ ಎರಡು ಕವಲುಗಳಿವೆ. ಯಾವ ಕವಲು ಎಂದು ಗೊತ್ತಾಗದೆ ಮದ್ದು ತೊಡಗಿಸಬಾರದು.

ಮೊದಲು ಕಡಿಮೆ ಎಂದರೆ ಎಷ್ಟು ಎಂಬುದು ತಿಳಿಯಲಿ. 24ರಿಂದ 38 ದಿನಕ್ಕೊಮ್ಮೆ ಬರುವ, 8 ದಿನದೊಳಗೆ ನಿಲ್ಲುವ, ಒಟ್ಟು 5ರಿಂದ 80 ಮಿಲಿಲೀಟರ್ ಒಳಗಿನ ಸ್ರಾವವನ್ನು ಇಂದಿನ ಸ್ತ್ರೀರೋಗ ಶಾಸ್ತ್ರ ಸಹಜ ಎನ್ನುತ್ತದೆ. ಹೆಚ್ಚಿನವರಿಗೆ ಹೋಗುವುದು 30-40 ಮಿ.ಲೀ. ಪೂರ್ತಿ ನೆನೆದ ಒಂದು ಸಾಧಾರಣ ಪ್ಯಾಡ್‌ನಲ್ಲಿ ಸುಮಾರು 5 ಮಿ.ಲೀ. ಇರುತ್ತದೆ. ಮುಟ್ಟಿನ ಕಪ್ ಬಳಸುವವರಿಗೆ ಅಂದಾಜು ಬೇಡ, ಕಪ್ಪಿನ ಗೆರೆಯೇ ಲೆಕ್ಕ ಹೇಳುತ್ತದೆ. ಚರಕ ಸಂಹಿತೆ ಇದನ್ನೇ ಮಿಲಿಲೀಟರ್ ಇಲ್ಲದೆ ಹೇಳುತ್ತದೆ: ತಿಂಗಳಿಗೊಮ್ಮೆ, ಐದು ರಾತ್ರಿ, ಲೋಳೆ, ಉರಿ, ನೋವು ಇಲ್ಲದೆ, ಅತಿ ಹೆಚ್ಚೂ ಅಲ್ಲದೆ ಅತಿ ಕಡಿಮೆಯೂ ಅಲ್ಲದೆ ಬರುವುದು ಶುದ್ಧ ಆರ್ತವ, ಅಂದರೆ ಶುದ್ಧ ಮುಟ್ಟಿನ ಸ್ರಾವ. ಬಣ್ಣ ಗುಲಗಂಜಿಯಂತೆ, ಕೆಂದಾವರೆಯಂತೆ ಇರಬೇಕು.

ಮೂರು ತಿಂಗಳು ಬರೆದಿಡಿ. ಯಾವ ದಿನ ಶುರು, ಯಾವ ದಿನ ನಿಂತಿತು, ದಿನಕ್ಕೆ ಎಷ್ಟು ಪ್ಯಾಡ್, ಅದರಲ್ಲಿ ಪೂರ್ತಿ ನೆನೆದದ್ದೆಷ್ಟು, ಕಲೆ ಮಾತ್ರ ಆದದ್ದೆಷ್ಟು, ಬಣ್ಣ, ನೋವು. ವೈದ್ಯರಿಗೆ ಈ ಒಂದು ಹಾಳೆ ಕೊಡುವಷ್ಟು ಮಾಹಿತಿಯನ್ನು ನೆನಪು ಕೊಡುವುದಿಲ್ಲ. ಮೊದಲಿನಿಂದಲೂ ಮೂರೇ ದಿನ, ಸ್ವಲ್ಪವೇ ಹೋಗುತ್ತಿದ್ದು, ತಿಂಗಳು ತಪ್ಪದೆ ಬರುತ್ತಿದ್ದರೆ ಅದು ಆ ದೇಹದ ರೀತಿ. ಅದಕ್ಕೆ ಮದ್ದು ಬೇಕಿಲ್ಲ. ಐದು ದಿನ ಹೋಗುತ್ತಿದ್ದದ್ದು ಒಂದೂವರೆ ದಿನಕ್ಕೆ ಇಳಿದಿದ್ದರೆ ಮಾತ್ರ ಕಾರಣ ಹುಡುಕಬೇಕು.

"ಹೋಗಬೇಕಾದ ಕೆಟ್ಟ ರಕ್ತ ಒಳಗೇ ಉಳಿಯುತ್ತದೆ" ಎಂಬ ಹೆದರಿಕೆಯನ್ನು ಇಲ್ಲಿಯೇ ಬಿಡಿಸಿಕೊಳ್ಳುವುದು ಒಳ್ಳೆಯದು. ಪ್ರತಿ ತಿಂಗಳೂ ಗರ್ಭಕೋಶದ ಒಳಪದರ ಬೆಳೆದು, ಗರ್ಭ ನಿಲ್ಲದಿದ್ದಾಗ ಕಳಚಿ ಬೀಳುತ್ತದೆ. ಸ್ರಾವ ಕಡಿಮೆಯಾಗುವುದು ಬಹುಪಾಲು ಆ ಪದರ ತೆಳುವಾಗಿ ಬೆಳೆದದ್ದರಿಂದಲೇ ಹೊರತು ಒಳಗೆ ರಕ್ತ ತುಂಬಿಕೊಂಡದ್ದರಿಂದ ಅಲ್ಲ. ಗರ್ಭಕೋಶದ ಬಾಯಿಯೇ ಮುಚ್ಚಿಕೊಂಡು ರಕ್ತ ನಿಲ್ಲುವುದು ಅಪರೂಪ. ಹಾಗಾದಾಗ ತಿಂಗಳು ತಿಂಗಳು ಹೊಟ್ಟೆಯ ಬುಡದಲ್ಲಿ ತೀವ್ರ ನೋವು ಇರುತ್ತದೆ. ಈ ಹೆದರಿಕೆಯಿಂದಲೇ ಎಷ್ಟೋ ಮಂದಿ ಉಷ್ಣದ ಮದ್ದುಗಳಿಗೆ ಕೈ ಹಾಕುತ್ತಾರೆ.

ಉಷ್ಣದ ಮದ್ದಿಗೆ ಮೊದಲು ಒಂದು ಪರೀಕ್ಷೆ ಕಡ್ಡಾಯ. ಗರ್ಭ ನಿಂತ ಆರಂಭದಲ್ಲೂ ಕೆಲವರಿಗೆ ಮುಟ್ಟಿನ ಹೊತ್ತಿಗೇ ಸ್ವಲ್ಪ ರಕ್ತ ಕಾಣಿಸಿಕೊಳ್ಳುತ್ತದೆ. "ಈ ಸಲ ಕಡಿಮೆ ಆಯ್ತು" ಎಂದುಕೊಂಡು ಎಳ್ಳು-ಬೆಲ್ಲದ ಕಷಾಯವನ್ನೋ ಮುಟ್ಟು ಬರಿಸುವ ರಜಃಪ್ರವರ್ತಿನೀ ವಟಿಯನ್ನೋ ತೆಗೆದುಕೊಂಡರೆ ಅಪಾಯ. ಮದ್ದಿನಂಗಡಿಯಲ್ಲಿ ಸಿಗುವ ಗರ್ಭಪರೀಕ್ಷೆಯ ಕಿಟ್‌ನಲ್ಲಿ ಬೆಳಗಿನ ಮೊದಲ ಮೂತ್ರವನ್ನು ನೋಡಿ, ಇಲ್ಲ ಎಂದು ಬಂದರೂ ಸಂಶಯವಿದ್ದರೆ ಒಂದು ವಾರ ಬಿಟ್ಟು ಮತ್ತೆ ನೋಡಬೇಕು. ಕಲೆಯಂತೆ ರಕ್ತ, ಹೊಟ್ಟೆಯ ಒಂದು ಬದಿಗೆ ನೋವು, ತಲೆತಿರುಗು, ಹೆಗಲ ತುದಿಯಲ್ಲಿ ನೋವು ಇವು ಕೂಡಿ ಬಂದರೆ ಗರ್ಭ ನಳಿಕೆಯಲ್ಲಿ ನಿಂತಿರಬಹುದು. ಆಗ ಕಷಾಯದ ಮಾತೇ ಬೇಡ. ಅದೇ ಹೊತ್ತಿಗೆ ಆಸ್ಪತ್ರೆ ಸೇರಬೇಕು.

ಈಗ ಆಯುರ್ವೇದದ ಲೆಕ್ಕಾಚಾರ. ತಿಂದ ಅನ್ನದಿಂದ ಮೊದಲು ಹುಟ್ಟುವುದು ರಸಧಾತು, ಅಂದರೆ ದೇಹವನ್ನು ಪೋಷಿಸುವ ಸಾರ. ಅದರಿಂದ ಹುಟ್ಟುವ ಉಪಧಾತುವೇ ಆರ್ತವ. ಅದನ್ನು ಹೊತ್ತಿಗೆ ಸರಿಯಾಗಿ ಕೆಳಗಿಳಿಸುವುದು ಅಪಾನವಾಯು, ಅಂದರೆ ಹೊಟ್ಟೆಯ ಕೆಳಭಾಗದಲ್ಲಿ ಕೆಲಸ ಮಾಡುವ ವಾತ. ಮುಟ್ಟು ಹೊತ್ತಿಗೆ ಬಾರದಿರುವುದು, ಬಂದರೂ ಕಡಿಮೆಯಾಗುವುದು, ಯೋನಿಯಲ್ಲಿ ನೋವು, ಇವಿಷ್ಟು ಸೇರಿದ್ದನ್ನು ಸುಶ್ರುತ ಸಂಹಿತೆ ಆರ್ತವಕ್ಷಯ ಎನ್ನುತ್ತದೆ. ಚಿಕಿತ್ಸೆ ಶೋಧನ (ದೋಷಗಳನ್ನು ದೇಹದಿಂದ ಹೊರಹಾಕುವುದು) ಮತ್ತು ಆಗ್ನೇಯ ದ್ರವ್ಯಗಳು, ಅಂದರೆ ಬಿಸಿ ಗುಣದವು. ಅದೇ ಗ್ರಂಥ ಬೇರೊಂದು ಕಡೆ, ದೋಷಗಳು ದಾರಿಯನ್ನು ಮುಚ್ಚಿದ್ದರಿಂದ ಆರ್ತವ ಕಾಣದಾಗುತ್ತದೆ ಎಂದೂ ಹೇಳುತ್ತದೆ. ತೋಟದ ತೋಡಿನಲ್ಲಿ ನೀರು ಬರುತ್ತಿಲ್ಲವೆಂದರೆ ಮೇಲಿನ ಕೆರೆ ಬತ್ತಿರಬಹುದು, ಇಲ್ಲವೇ ನಡುವೆ ಸೊಪ್ಪುಸದೆ ಕಟ್ಟಿಕೊಂಡಿರಬಹುದು. ಕೆರೆಯೇ ಬತ್ತಿದಾಗ ತೋಡು ಕೆರೆದು ಪ್ರಯೋಜನವಿಲ್ಲ.

ಬತ್ತಿದ ಬಗೆಯವರು ಸಾಮಾನ್ಯವಾಗಿ ತೆಳ್ಳಗೆ ಇರುತ್ತಾರೆ. ಚರ್ಮ ಒಣಗಿರುತ್ತದೆ, ಮಲ ಗಟ್ಟಿ, ನಿದ್ದೆ ಕಡಿಮೆ, ಕೈಕಾಲು ತಣ್ಣಗೆ, ಸಣ್ಣ ಕೆಲಸಕ್ಕೂ ಆಯಾಸ. ಸ್ರಾವ ಕಂದು ಬಣ್ಣದ್ದು, ನೋವು ಸೊಂಟದಿಂದ ತೊಡೆಗೆ ಇಳಿಯುವಂಥದ್ದು. ಮಂಗಳೂರು, ಮಣಿಪಾಲದ ಹಾಸ್ಟೆಲುಗಳಲ್ಲಿ ಬೆಳಗಿನ ತಿಂಡಿ ಬಿಟ್ಟು ಕ್ಲಾಸಿಗೆ ಓಡುವ ವಿದ್ಯಾರ್ಥಿನಿಯರು, ಪಾಳಿ ಬದಲಾಗುತ್ತಲೇ ಇರುವ ನರ್ಸುಗಳು, ಬೇಗ ತೂಕ ಇಳಿಸಲು ರಾತ್ರಿಯೂಟ ಬಿಟ್ಟವರು, ವಾರಕ್ಕೆ ಎರಡು ಮೂರು ಒಪ್ಪತ್ತು ಮಾಡುವವರು ಈ ಬಗೆಗೆ ಸುಲಭವಾಗಿ ಸೇರುತ್ತಾರೆ. ದೇಹಕ್ಕೆ ಸಿಗುವ ಆಹಾರ ಖರ್ಚಿಗೆ ಸಾಲದಾದಾಗ ಮೆದುಳು ಅಂಡಾಶಯಕ್ಕೆ ಕಳಿಸುವ ಸಂದೇಶಗಳನ್ನು ತಗ್ಗಿಸುತ್ತದೆ, ಒಳಪದರ ಬೆಳೆಯುವುದಿಲ್ಲ. ರಸಕ್ಷಯವಾದರೆ ಆರ್ತವಕ್ಷಯ ಎಂಬ ಹಳೆಯ ಮಾತು ಹೇಳುವುದೂ ಇದನ್ನೇ.

ಕಟ್ಟಿದ ಬಗೆಯ ಚಿತ್ರ ಬೇರೆ. ತೂಕ ಏರುತ್ತಿರುತ್ತದೆ, ಮುಖ್ಯವಾಗಿ ಹೊಟ್ಟೆಯ ಸುತ್ತ. ಮೈ ಭಾರ, ಊಟದ ಮೇಲೆ ತೂಕಡಿಕೆ, ಕುತ್ತಿಗೆಯಲ್ಲಿ ಕಪ್ಪು, ಗಲ್ಲದ ಮೇಲೆ ಕೂದಲು, ಮೊಡವೆ. ಮುಟ್ಟು 45, 60 ದಿನಕ್ಕೆ ಹೋಗುತ್ತದೆ, ಬಂದಾಗ ಸ್ವಲ್ಪ, ಲೋಳೆ ಬೆರೆತು. ಪಿಸಿಓಎಸ್ (ಹಾರ್ಮೋನುಗಳ ಏರುಪೇರಿನಿಂದ ಅಂಡ ಸರಿಯಾಗಿ ಬಿಡುಗಡೆಯಾಗದ ತೊಂದರೆ) ಎಂದು ಸ್ಕ್ಯಾನಿಂಗ್ ವರದಿ ತರುವವರಲ್ಲಿ ತುಂಬ ಮಂದಿ ಇಲ್ಲಿ ಬರುತ್ತಾರೆ. ಎಲ್ಲರೂ ಅಲ್ಲ, ತೆಳ್ಳಗಿರುವವರಿಗೂ ಪಿಸಿಓಎಸ್ ಇರುತ್ತದೆ. ವರದಿಯಲ್ಲಿನ ಹೆಸರು ನೋಡಿ ಮದ್ದು ಬರೆಯದೆ ಎದುರು ಕೂತವರ ದೇಹ ನೋಡಬೇಕು ಎನ್ನುವುದು ಇದಕ್ಕೇ.

ಊಟದ ವಿಷಯದಲ್ಲಿ ಕರಾವಳಿಯವರು ಪುಣ್ಯವಂತರು. ದಾರಿ ಕಟ್ಟಿ ನಿಂತ ಆರ್ತವಕ್ಕೆ ಸುಶ್ರುತ ಸಂಹಿತೆ ಕೊಡುವ ಪಥ್ಯದ ಪಟ್ಟಿಯಲ್ಲಿ ಮೀನು, ಹುರುಳಿ, ಹುಳಿ, ಎಳ್ಳು, ಉದ್ದು, ನೀರು ಬೆರೆಸಿದ ಮಜ್ಜಿಗೆ, ಮೊಸರು ಇವೆ. ಕುಡುತ ಸಾರು (ಹುರುಳಿ ಸಾರು), ಬೂತಾಯಿ ಮೀನಿನ ಪುಳಿಮುಂಚಿ (ಹುಳಿ-ಖಾರದ ಸಾರು), ಉದ್ದಿನ ದೋಸೆ, ಎಳ್ಳಿನ ಚಟ್ನಿ, ಮಜ್ಜಿಗೆ: ದಕ್ಷಿಣ ಕನ್ನಡ, ಉಡುಪಿಯ ಅಡುಗೆಮನೆಗೆ ಇದರಲ್ಲಿ ಹೊಸದೇನೂ ಇಲ್ಲ. ಮೀನು ತಿನ್ನದ ಮನೆಯವರಿಗೆ ಉಳಿದವೇ ಸಾಕು. ಆದರೆ ಈ ಪಟ್ಟಿಯನ್ನು ಇಡಿಯಾಗಿ ಎಲ್ಲರಿಗೂ ಬಡಿಸಬಾರದು. ಹುರುಳಿ ಉಷ್ಣವೂ ಹೌದು, ಮೈಯನ್ನು ಒಣಗಿಸುವುದೂ ಹೌದು, ಹಾಗಾಗಿ ಕಟ್ಟಿದ ಬಗೆಗೆ ಸರಿ. ಎಳ್ಳು, ಉದ್ದು, ಮೀನು ಉಷ್ಣವಾದರೂ ಪುಷ್ಟಿ ಕೊಡುತ್ತವೆ, ಆದ್ದರಿಂದ ಬತ್ತಿದ ಬಗೆಗೆ ಅವೇ ಮೇಲು. ಮೊಸರು ಸ್ರೋತಸ್ಸುಗಳನ್ನು, ಅಂದರೆ ದೇಹದೊಳಗಿನ ದಾರಿಗಳನ್ನು, ಕಟ್ಟುವ ಸ್ವಭಾವದ್ದು ಎಂದು ಆಯುರ್ವೇದವೇ ಬೇರೆಡೆ ಹೇಳುವುದರಿಂದ, ತೂಕ ಹೆಚ್ಚಿದವರಿಗೆ ಮೊಸರಿನ ಬದಲು ಅರ್ಧಕ್ಕರ್ಧ ನೀರು ಹಾಕಿ ಕಡೆದ ಮಜ್ಜಿಗೆಯನ್ನೇ ಹೇಳುವುದು ಸರಿಯೆಂದು ನಮ್ಮ ಅಭಿಪ್ರಾಯ.

ಹುರುಳಿ ಸಾರಿಗೆ ಇಬ್ಬರಿಗೆ 50 ಗ್ರಾಂ ಹುರುಳಿ ಸಾಕು. ಎಂಟು ಗಂಟೆ ನೆನೆಸಿ, ನೆನೆಸಿದ ನೀರು ಚೆಲ್ಲಿ, ಹೊಸದಾಗಿ ಮುಕ್ಕಾಲು ಲೀಟರ್ ನೀರು ಹಾಕಿ ಕಾಳು ಬೆರಳಲ್ಲಿ ಹಿಸುಕಿದರೆ ಮೆತ್ತಗಾಗುವವರೆಗೆ ಬೇಯಿಸಿ. ಬೆಂದ ನೀರೇ ಸಾರು. ಬೆಳ್ಳುಳ್ಳಿ, ಜೀರಿಗೆ, ಕಾಳುಮೆಣಸಿನ ಒಗ್ಗರಣೆ, ಉಪ್ಪು, ಸ್ವಲ್ಪ ಹುಣಸೆ. ವಾರಕ್ಕೆ ಮೂರು ನಾಲ್ಕು ದಿನ ಮಧ್ಯಾಹ್ನ. ನೆನೆಸದೆ ಬೇಯಿಸಿದರೆ ಹೊಟ್ಟೆ ಉಬ್ಬರ. ರಾತ್ರಿ ತಿಂದರೂ ಅದೇ ಕಥೆ. ಹುಳಿತೇಗು, ಎದೆಯುರಿ, ಬಾಯಿಹುಣ್ಣು ಇರುವವರು ಹುರುಳಿಯನ್ನು ಬಿಡಬೇಕು. ಬಿಸಿಲು ಜೋರಾಗಿರುವ ಏಪ್ರಿಲ್, ಮೇ ತಿಂಗಳಲ್ಲಿ ಉಳಿದವರೂ ವಾರಕ್ಕೊಮ್ಮೆಗೆ ಇಳಿಸಲಿ. ಊಟದ ಜೊತೆಗೇ ಚಾ ಕುಡಿದರೆ ಕಾಳು, ಸೊಪ್ಪಿನ ಕಬ್ಬಿಣ ದೇಹಕ್ಕೆ ಸರಿಯಾಗಿ ಹಿಡಿಯುವುದಿಲ್ಲ. ಒಂದು ಗಂಟೆಯ ಅಂತರ ಇರಲಿ. ಲಿಂಬೆ ಹಿಂಡಿಕೊಂಡರೆ ಇನ್ನೂ ಒಳ್ಳೆಯದು.

ಎಳ್ಳಿನ ಕಷಾಯ ಹೀಗೆ: 10 ಗ್ರಾಂ ಕಪ್ಪೆಳ್ಳನ್ನು ತೊಳೆದು, ಒಣಗಿಸಿ, ಒರಳಿನಲ್ಲಿ ಜಜ್ಜಿ, 160 ಮಿ.ಲೀ. ನೀರಿನಲ್ಲಿ ಸಣ್ಣ ಉರಿಯಲ್ಲಿ ಮುಚ್ಚದೆ 40 ಮಿ.ಲೀ.ಗೆ ಇಳಿಸಬೇಕು. ಸೋಸಿ, 10 ಗ್ರಾಂ ಹಳೆಯ ಬೆಲ್ಲ ಕರಗಿಸಿ, ಉಗುರುಬೆಚ್ಚಗೆ ಇರುವಾಗ ಬೆಳಿಗ್ಗೆ ತಿಂಡಿಗೆ ಮೊದಲು ಕುಡಿಯುವುದು. ಮುಟ್ಟಿನ ದಿನಕ್ಕೆ ಏಳು ದಿನ ಇರುವಾಗ ತೊಡಗಿ, ಸ್ರಾವ ಶುರುವಾದ ದಿನ ನಿಲ್ಲಿಸಬೇಕು. ಜಜ್ಜದೆ ಇಡೀ ಎಳ್ಳನ್ನೇ ಕುದಿಸಿದರೆ ಸತ್ವ ನೀರಿಗೆ ಬರುವುದಿಲ್ಲ. ದೊಡ್ಡ ಉರಿಯಲ್ಲಿ ಐದು ನಿಮಿಷಕ್ಕೆ ನೀರು ಬತ್ತಿಸಿದರೂ ಅಷ್ಟೇ. ಸಕ್ಕರೆ ಕಾಯಿಲೆ ಇರುವವರಿಗೆ ಬೆಲ್ಲ ಬೇಡ. ಎಳ್ಳಿನ ಅಲರ್ಜಿ ಇರುವವರಿಗೆ ಕಷಾಯವೇ ಬೇಡ. ಮಕ್ಕಳಿಗಾಗಿ ಪ್ರಯತ್ನಿಸುತ್ತಿರುವವರು ಮುಟ್ಟಿನ ಚಕ್ರದ ಎರಡನೇ ಅರ್ಧದಲ್ಲಿ ಇದನ್ನೂ ಇಂಥ ಯಾವ ಉಷ್ಣದ ಮದ್ದನ್ನೂ ತೆಗೆದುಕೊಳ್ಳಬಾರದು. ಆ ಹೊತ್ತಿಗೆ ಗರ್ಭ ನಿಂತಿದ್ದರೂ ಯಾವ ಕಿಟ್ಟಿಗೂ ಇನ್ನೂ ತಿಳಿಯುವುದಿಲ್ಲ.

ಕಾಶ್ಯಪ ಸಂಹಿತೆಯಲ್ಲಿ ಶತಪುಷ್ಪಾ ಮತ್ತು ಶತಾವರಿಗೆಂದೇ ಒಂದು ಅಧ್ಯಾಯವಿದೆ. ಶತಪುಷ್ಪಾ ಎಂದರೆ ಸಬ್ಬಸಿಗೆ ಬೀಜ. ಅಂಗಡಿಯಲ್ಲಿ ಬಡೆಸೋಂಪು ಕೊಟ್ಟರೆ ಅದಲ್ಲ. ಸಬ್ಬಸಿಗೆ ಬೀಜದ ಪುಡಿ 3 ಗ್ರಾಂ, ಒಂದು ಚಮಚ ತುಪ್ಪದಲ್ಲಿ ಕಲಸಿ ಬೆಳಿಗ್ಗೆ. ಇದು ಎರಡೂ ಬಗೆಗೆ ಹೊಂದುತ್ತದೆ, ಹಸಿವನ್ನೂ ಹೆಚ್ಚಿಸುತ್ತದೆ. ಬತ್ತಿದ ಬಗೆಯವರಿಗೆ ಶತಾವರಿ ಪುಡಿ 3ರಿಂದ 5 ಗ್ರಾಂ ಒಂದು ಲೋಟ ಬಿಸಿ ಹಾಲಿನಲ್ಲಿ ರಾತ್ರಿ. ಹಸಿವೆ ಚೆನ್ನಾಗಿದ್ದರೆ ಫಲಘೃತ ಎಂಬ ಔಷಧೀಯ ತುಪ್ಪ 5ರಿಂದ 10 ಗ್ರಾಂ ಬೆಳಿಗ್ಗೆ ಖಾಲಿ ಹೊಟ್ಟೆಗೆ, ಮೇಲೆ ಬಿಸಿನೀರು. ಹಸಿವೆ ಇಲ್ಲದವರಿಗೆ ತುಪ್ಪ ಕುಡಿಸಿದರೆ ನಾಲಿಗೆ ಬೆಳ್ಳಗಾಗಿ, ವಾಕರಿಕೆ ಬಂದು, ಇದ್ದ ಹಸಿವೂ ಹೋಗುತ್ತದೆ. ಮೊದಲು ಒಂದು ವಾರ ಶುಂಠಿ-ಜೀರಿಗೆ ಹಾಕಿದ ತೆಳು ಕುಚ್ಚಲಕ್ಕಿ ಗಂಜಿ, ಆಮೇಲೆ ತುಪ್ಪ. ಅಶ್ವಗಂಧವನ್ನು ನಿದ್ದೆ ಕೆಟ್ಟವರಿಗೆ ಕೊಡುವುದುಂಟು. ಆದರೆ ಅದು ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು. ಥೈರಾಯ್ಡ್ ಮಾತ್ರೆ ನುಂಗುವವರು ವೈದ್ಯರಿಗೆ ಹೇಳದೆ ಅದನ್ನು ಮುಟ್ಟಬಾರದು. ಕಣ್ಣು ಹಳದಿಯಾದರೆ ತಕ್ಷಣ ನಿಲ್ಲಿಸಬೇಕು.

ಕೇರಳದ ಸಹಸ್ರಯೋಗ ಎಂಬ ಮದ್ದಿನ ಗ್ರಂಥದ ಕಷಾಯಗಳು ನಮ್ಮ ಜಿಲ್ಲೆಗಳಲ್ಲಿ ಮೊದಲಿನಿಂದಲೂ ಬಳಕೆಯಲ್ಲಿವೆ. ಸಪ್ತಸಾರ ಕಷಾಯದಲ್ಲಿ ಪುನರ್ನವ, ಬಿಲ್ವ, ಹುರುಳಿ, ಔಡಲದ ಬೇರು, ಸಹಚರ, ಶುಂಠಿ, ಅಗ್ನಿಮಂಥ ಎಂಬ ಏಳು ಇವೆ. ನೋವೂ ಮಲಬದ್ಧತೆಯೂ ಇರುವ ಕಡಿಮೆ ಸ್ರಾವಕ್ಕೆ ಅದು ಒಳ್ಳೆಯ ಆಯ್ಕೆ. ಬಾಟಲಿಯ ಕಷಾಯ 15 ಮಿ.ಲೀ.ಗೆ 45 ಮಿ.ಲೀ. ಬಿಸಿನೀರು ಸೇರಿಸಿ, ಊಟಕ್ಕೆ ಮುಕ್ಕಾಲು ಗಂಟೆ ಮೊದಲು ದಿನಕ್ಕೆರಡು ಸಲ. ತೂಕ ಹೆಚ್ಚಿದವರಿಗೆ ವರಣಾದಿ ಕಷಾಯ, ಜೊತೆಗೆ ಹುರುಳಿ ಹಿಟ್ಟಿನಿಂದ ಮೈಯನ್ನು ಕೆಳಗಿನಿಂದ ಮೇಲಕ್ಕೆ ಒಣದಾಗಿ ತಿಕ್ಕುವ ಉದ್ವರ್ತನ, ದಿನಕ್ಕೆ 45 ನಿಮಿಷದ ಬಿರುಸಿನ ನಡಿಗೆ. ಇದ್ದ ತೂಕದ 5ರಿಂದ 10 ಶೇಕಡಾ ಇಳಿದರೆ ಪಿಸಿಓಎಸ್ ಇರುವ ಅನೇಕರಲ್ಲಿ ಮುಟ್ಟು ತಾನಾಗಿಯೇ ಹದಕ್ಕೆ ಬರುತ್ತದೆ. 70 ಕಿಲೋ ಇದ್ದವರಿಗೆ ಅದು ಮೂರೂವರೆಯಿಂದ ಏಳು ಕಿಲೋ. ಬೇರಾವ ಕಷಾಯಕ್ಕಿಂತಲೂ ಇದರ ಬಲ ದೊಡ್ಡದು.

ಹೆಸರು ಕೇಳಿದ ಕೂಡಲೇ ಜನ ಕೊಳ್ಳುವ ಇನ್ನೊಂದು ಮದ್ದು ರಜಃಪ್ರವರ್ತಿನೀ ವಟಿ. ಲೋಳೆಸರದ ರಸವನ್ನು ಒಣಗಿಸಿದ ಕನ್ಯಾಸಾರ, ಕಬ್ಬಿಣದ ಲವಣವಾದ ಕಾಸೀಸ, ಶುದ್ಧ ಮಾಡಿದ ಬಿಳಿಗಾರ, ಇಂಗು ಸೇರಿಸಿ ಲೋಳೆಸರದ ರಸದಲ್ಲಿ ಅರೆದು ಮಾಡಿದ ಮಾತ್ರೆ. ಕನ್ಯಾಸಾರ ಕರುಳನ್ನು ಕೆರಳಿಸಿ ಶ್ರೋಣಿಯ (ಕಿಬ್ಬೊಟ್ಟೆಯ) ಕಡೆಗೆ ರಕ್ತವನ್ನು ಎಳೆಯುತ್ತದೆ, ಭೇದಿಯೂ ಮಾಡಿಸುತ್ತದೆ. ವೈದ್ಯರು ಇದನ್ನು 250 ಮಿಲಿಗ್ರಾಂನಂತೆ ದಿನಕ್ಕೆರಡು ಸಲ, ಮುಟ್ಟಿಗೆ ಐದಾರು ದಿನ ಮುಂಚಿನಿಂದ ಮಾತ್ರ ಕೊಡುತ್ತಾರೆ. ತಿಂಗಳುಗಟ್ಟಲೆ ನುಂಗುವ ಮಾತ್ರೆ ಇದಲ್ಲ. ಹಾಗೆ ನುಂಗಿದರೆ ಹೊಟ್ಟೆನೋವು, ಸಡಿಲ ಭೇದಿ, ದೇಹದ ಪೊಟ್ಯಾಸಿಯಂ ಇಳಿಯುವುದು, ಬಿಳಿಗಾರದ ನಂಜು. ಮಲ ಕಪ್ಪಾಗುವುದು ಕಬ್ಬಿಣದಿಂದ, ಅದಕ್ಕೆ ಹೆದರಬೇಕಿಲ್ಲ. ಮೂಲವ್ಯಾಧಿ, ಹೊಟ್ಟೆಹುಣ್ಣು ಇರುವವರಿಗೆ, ಬಸುರಿಯರಿಗೆ, ಮೊಲೆಯೂಡಿಸುವವರಿಗೆ ಇದು ಬೇಡವೇ ಬೇಡ. ತೆಳ್ಳಗೆ ಒಣಗಿದ ದೇಹಕ್ಕೆ ಇದನ್ನು ಕೊಟ್ಟಾಗ ಮೊದಲ ತಿಂಗಳು ಸ್ರಾವ ಸ್ವಲ್ಪ ಹೆಚ್ಚಾದಂತೆ ಕಂಡು, ಆಮೇಲೆ ಮೊದಲಿಗಿಂತಲೂ ಕಡಿಮೆಯಾಗಬಹುದು. ಕುಮಾರ್ಯಾಸವ ಇದಕ್ಕಿಂತ ಸೌಮ್ಯ: 15 ಮಿ.ಲೀ. ಅಷ್ಟೇ ನೀರಿನೊಂದಿಗೆ ಊಟದ ಮೇಲೆ. ಅದರಲ್ಲಿ ಬೆಲ್ಲವೂ ಹುದುಗಿನಿಂದ ಹುಟ್ಟಿದ ಮದ್ಯಾಂಶವೂ ಇರುವುದರಿಂದ ಸಕ್ಕರೆ ಕಾಯಿಲೆಯವರು, ಮೆಟ್ರೊನಿಡಜೋಲ್ ಮಾತ್ರೆ ತೆಗೆದುಕೊಳ್ಳುತ್ತಿರುವವರು ದೂರವಿರಬೇಕು.

ಶೋಧನದ ವಿಷಯದಲ್ಲಿ ಹಳೆಯ ವ್ಯಾಖ್ಯಾನಕಾರರಲ್ಲೇ ಒಂದು ಭಿನ್ನಮತ ಇದೆ. ಆರ್ತವಕ್ಷಯದಲ್ಲಿ ಶೋಧನ ಎಂದರೆ ವಮನ (ವಾಂತಿ ಮಾಡಿಸುವುದು) ಮಾತ್ರ, ವಿರೇಚನ (ಭೇದಿ ಮಾಡಿಸುವುದು) ಅಲ್ಲ ಎನ್ನುತ್ತಾನೆ ಡಲ್ಹಣ. ವಿರೇಚನದಿಂದ ಪಿತ್ತ ಇಳಿಯುತ್ತದೆ, ಆಗ ಅದೇ ಸ್ವಭಾವದ ಆರ್ತವವೂ ಇಳಿಯುತ್ತದೆ ಎಂಬುದು ಅವನ ವಾದ. ಚಕ್ರಪಾಣಿ ಎರಡನ್ನೂ ಒಪ್ಪುತ್ತಾನೆ. ರೋಗಿಯ ಬಗೆ ನೋಡಿದರೆ ಈ ಜಗಳ ಹೆಚ್ಚುಮಟ್ಟಿಗೆ ತೀರುತ್ತದೆ: ಕಫ-ಮೇದಸ್ಸು (ಕೊಬ್ಬು) ಕಟ್ಟಿದ ಗಟ್ಟಿ ದೇಹಕ್ಕೆ ವಮನ, ಅದೂ ವಸಂತದಲ್ಲಿ. ಬತ್ತಿದ ದೇಹಕ್ಕೆ ವಮನವೂ ಬೇಡ, ವಿರೇಚನವೂ ಬೇಡ. ಅಪಾನವಾಯುವಿನ ಮನೆಯಲ್ಲೇ ಕೆಲಸ ಮಾಡುವ ಬಸ್ತಿ, ಅಂದರೆ ಗುದದ್ವಾರದಿಂದ ಮದ್ದು ಕೊಡುವುದು, ಬೇಕು. ವಾತ ಕೆರಳುವ ಮಳೆಗಾಲ ಬಸ್ತಿಗೆ ಒಪ್ಪುವ ಕಾಲ, ಕರಾವಳಿಯ ಆಟಿ ತಿಂಗಳೂ ಅದರೊಳಗೇ ಬರುತ್ತದೆ. ಮಾತ್ರಾಬಸ್ತಿಯಲ್ಲಿ ಹಗುರ ಊಟವಾದ ಮೇಲೆ ಎಡಮಗ್ಗುಲಲ್ಲಿ ಮಲಗಿಸಿ ಸುಮಾರು 60 ಮಿ.ಲೀ. ಬೆಚ್ಚಗಿನ ಔಷಧೀಯ ಎಣ್ಣೆಯನ್ನು ಗುದದ್ವಾರದಿಂದ ಕೊಡುತ್ತಾರೆ, ಏಳೆಂಟು ದಿನ. ಖಾಲಿ ಹೊಟ್ಟೆಗೆ ಕೊಟ್ಟರೆ ಎಣ್ಣೆ ನಿಲ್ಲದೆ ಮೇಲಕ್ಕೇರಿ ವಾಕರಿಕೆ ಬರಿಸುತ್ತದೆ. ಮುಟ್ಟಿನ ದಿನಗಳಲ್ಲಿ ಬಸ್ತಿಯಾಗಲಿ, ಎಣ್ಣೆಸ್ನಾನವಾಗಲಿ ಇಲ್ಲ. ನಿಂತ ಮೇಲೆ ತೊಡಗುವುದು.

ಗರ್ಭಕೋಶಕ್ಕೇ ಮದ್ದು ಹಾಕುವ ಉತ್ತರಬಸ್ತಿ ಮನೆಯಲ್ಲೋ ಮಸಾಜ್ ಕೇಂದ್ರದಲ್ಲೋ ಮಾಡುವ ಕೆಲಸ ಅಲ್ಲ. ಸೋಂಕು ಇಲ್ಲವೆಂದು, ಗರ್ಭ ಇಲ್ಲವೆಂದು ಖಚಿತಪಡಿಸಿಕೊಂಡು, ಮುಟ್ಟು ನಿಂತ ಕೂಡಲಿನ ದಿನಗಳಲ್ಲಿ, ಕ್ರಿಮಿಶುದ್ಧ ಮಾಡಿದ ಕೆಲವೇ ಮಿಲಿಲೀಟರ್ ತುಪ್ಪ ಅಥವಾ ಎಣ್ಣೆಯನ್ನು ಸ್ತ್ರೀರೋಗ ವಿಭಾಗದ ವೈದ್ಯರೇ ಹಾಕಬೇಕು. ಉಡುಪಿಯ ಕುತ್ಪಾಡಿಯಲ್ಲಿರುವ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಕಾಲೇಜಿನ ಆಸ್ಪತ್ರೆಯಂಥ, ಪ್ರಸೂತಿತಂತ್ರ ವಿಭಾಗ ಇರುವ ಕಡೆ ವಿಚಾರಿಸಬೇಕು. ಮಾಡಿದ ಮೇಲೆ ಜ್ವರ, ದುರ್ವಾಸನೆಯ ಸ್ರಾವ ಬಂದರೆ ಕಾಯಬಾರದು.

ಈ ಮದ್ದುಗಳಿಗೆ ದೊಡ್ಡ ಪ್ರಮಾಣದ ಪರೀಕ್ಷೆಗಳ ಬೆಂಬಲ ಇನ್ನೂ ಸಿಕ್ಕಿಲ್ಲ. ಕೆಲವು ಕಾರಣಗಳ ಮುಂದೆ ಇವು ಏನನ್ನೂ ಮಾಡಲಾರವು ಎಂಬುದನ್ನೂ ಹೇಳಲೇಬೇಕು. ಗರ್ಭ ತೆಗೆಸಿದ ಅಥವಾ ಗರ್ಭಕೋಶ ಕೆರೆದು ಶುಚಿ ಮಾಡಿದ ಮೇಲೆ ಸ್ರಾವ ಥಟ್ಟನೆ ಇಳಿದಿದ್ದರೆ ಒಳಗೋಡೆಗಳು ಒಂದಕ್ಕೊಂದು ಅಂಟಿಕೊಂಡಿರಬಹುದು. ಅದನ್ನು ಯಾವ ಕಷಾಯವೂ ಬಿಡಿಸದು, ಹಿಸ್ಟರೋಸ್ಕೋಪಿಯಲ್ಲಿ, ಅಂದರೆ ಗರ್ಭಕೋಶದೊಳಗೆ ಸಣ್ಣ ಕ್ಯಾಮೆರಾ ಹಾಕಿ, ನೋಡಿ ಬಿಡಿಸಬೇಕು. ಸಂಜೆ ಜ್ವರ, ತೂಕ ಇಳಿತ, ಮಕ್ಕಳಾಗದಿರುವುದು ಜೊತೆಗಿದ್ದರೆ ಗರ್ಭಕೋಶದ ಕ್ಷಯ ಇದೆಯೇ ಎಂದು ನೋಡಲೇಬೇಕು. ಇದ್ದರೆ ಆರು ತಿಂಗಳ ಮದ್ದು ಸರಕಾರಿ ಆಸ್ಪತ್ರೆಯಲ್ಲಿ ಉಚಿತ. ಮೊಲೆಯಲ್ಲಿ ತಾನಾಗಿ ಹಾಲು, ತಲೆನೋವು ಇದ್ದರೆ ಹಾಲು ಬರಿಸುವ ಹಾರ್ಮೋನಾದ ಪ್ರೊಲ್ಯಾಕ್ಟಿನ್ ಪರೀಕ್ಷೆ. 40ಕ್ಕೆ ಮೊದಲೇ ಸ್ರಾವ ಬತ್ತುತ್ತ, ಮೈಯೆಲ್ಲ ಬಿಸಿ ಹಬೆಯಾಡುತ್ತಿದ್ದರೆ ಅಂಡಾಶಯದ ಸ್ಥಿತಿ ತಿಳಿಸುವ ಎಫ್‌ಎಸ್‌ಎಚ್ ಪರೀಕ್ಷೆ. ಅಂಡಾಶಯ ಬೇಗ ಸೋತಿದ್ದರೆ ಎಲುಬು ಉಳಿಸಲು ಹಾರ್ಮೋನು ಬೇಕಾಗುತ್ತದೆ. ಗರ್ಭನಿರೋಧಕ ಮಾತ್ರೆ, ಗರ್ಭಕೋಶದೊಳಗೆ ಇಡುವ, ಹಾರ್ಮೋನು ಇರುವ ವಂಕಿ, ಇಂಜೆಕ್ಷನ್ ಬಳಸುವವರಲ್ಲಿ ಸ್ರಾವ ಕಡಿಮೆಯಾಗುವುದು ಆ ಮದ್ದಿನ ಗುಣವೇ. 45 ದಾಟಿದವರಲ್ಲಿ, ಮುಟ್ಟು ಶುರುವಾಗಿ ಎರಡು ವರ್ಷ ಆಗದ ಹುಡುಗಿಯರಲ್ಲಿ ಏರುಪೇರು ಸಹಜ. ಹನ್ನೆರಡರ ಸುಮಾರಿಗೆ ತೊಡಗಿ ಐವತ್ತಕ್ಕೆ ಕ್ಷಯಿಸುವುದು ಎಂದು ಸುಶ್ರುತ ಸಂಹಿತೆಯೂ ಹೇಳಿದೆ.

ಹಾಗಾಗಿ ಮದ್ದಿನ ಮೊದಲ ದಿನಕ್ಕೆ ಮುಂಚೆಯೇ ಹಿಮೋಗ್ಲೋಬಿನ್, ಥೈರಾಯ್ಡ್ ಸ್ಥಿತಿ ತಿಳಿಸುವ ಟಿಎಸ್‌ಎಚ್, ಪ್ರೊಲ್ಯಾಕ್ಟಿನ್, ಒಳಪದರದ ದಪ್ಪ ಬರೆದ ಒಂದು ಸ್ಕ್ಯಾನಿಂಗ್ ಕೈಯಲ್ಲಿರಲಿ. ಮಂಗಳೂರಿನವರಿಗೆ ಲೇಡಿಗೋಷನ್ ಆಸ್ಪತ್ರೆಯ ಸ್ತ್ರೀರೋಗ ವಿಭಾಗವಿದೆ. ಆಯುರ್ವೇದದ ಚಿಕಿತ್ಸೆಗೆ ಮೂರು ಮುಟ್ಟಿನ ಅವಧಿ ಕೊಡಿ. ಧಾತು ಕಟ್ಟಲು ಒಂದು ತಿಂಗಳು ಸಾಲದು. ಮೊದಲು ಸುಧಾರಿಸುವುದು ಹಸಿವು, ಮಲ, ನಿದ್ದೆ; ಆಮೇಲೆ ಬಣ್ಣ ಕಂದಿನಿಂದ ಕೆಂಪಿಗೆ ತಿರುಗುತ್ತದೆ; ದಿನಗಳ ಸಂಖ್ಯೆ ಏರುವುದು ಕೊನೆಗೆ. ಮೂರನೆಯ ಮುಟ್ಟಿಗೂ ಹಾಳೆಯಲ್ಲಿ ಯಾವ ಬದಲಾವಣೆಯೂ ಕಾಣದಿದ್ದರೆ ಮದ್ದಿನ ಪ್ರಮಾಣ ಏರಿಸದೆ, ಬಗೆ ಗುರುತಿಸಿದ್ದು ಸರಿಯೇ ಎಂದು ಮೊದಲಿನಿಂದ ನೋಡಬೇಕು. ಗರ್ಭವಿಲ್ಲದೆ 90 ದಿನ ದಾಟಿಯೂ ಮುಟ್ಟು ಬಾರದಿದ್ದರೆ, ಅದರಲ್ಲೂ ತೂಕ ಹೆಚ್ಚಿರುವವರಲ್ಲಿ, ಒಳಪದರ ಕಳಚದೆ ದಪ್ಪವಾಗುತ್ತ ಹೋಗಿ ಮುಂದೆ ಕೆಟ್ಟ ಬೆಳವಣಿಗೆಗೆ ದಾರಿಯಾಗಬಹುದು; ಆಗ ಸ್ತ್ರೀರೋಗ ತಜ್ಞರು ಹಾರ್ಮೋನು ಮಾತ್ರೆ ಕೊಟ್ಟು ಅದನ್ನು ಕಳಚಿಸುವುದು ಆಯುರ್ವೇದದ ಚಿಕಿತ್ಸೆಗೆ ಅಡ್ಡಿಯಲ್ಲ.